ಸರಾಸರಿಯ ರೆಕ್ಕೆ

ಹಣ್ಣಿಗೆ ಮುತ್ತುವ ಗುಂಗುರು ಗೂಡೊಡೆದು ಹೊರಬರುವುದು ನಸುಕಿನಲ್ಲಿ. ಮೈಯೆಲ್ಲ ಬಲಿತು ಸಿದ್ಧವಾಗಿದ್ದರೂ ನಡುರಾತ್ರಿಯಲ್ಲಿ ಅದು ಹೊರಡುವುದಿಲ್ಲ. ಒಳಗೇ ಕಾದಿದ್ದು, ಮೂಡಲು ಬೆಳ್ಳಗಾಗುವ ಹೊತ್ತಿಗೆ ಹೊರಡುತ್ತದೆ. ಆ ಹೊತ್ತು ತಪ್ಪಿತೋ, ಮರುದಿನದ ನಸುಕಿನವರೆಗೆ ಕಾಯುವುದೇ ಹೆಚ್ಚು. ಕತ್ತಲೆ ಕೋಣೆಯಲ್ಲಿಟ್ಟರೂ, ಬಿಸಿ ತಂಪು ಬದಲಿಸಿದರೂ ಅದರ ಹೊತ್ತಿನ ಲೆಕ್ಕ ಹೆಚ್ಚೇನೂ ಕೆಡುವುದಿಲ್ಲ ಎಂದು ಕಾಲಿನ್ ಪಿಟೆಂಡ್ರಿಗ್ 1954ರಲ್ಲಿ ತೋರಿಸಿದರು. ಜೀವಿಗಳ ಮೈಯೊಳಗಿನ ಗಡಿಯಾರದ ಬಗ್ಗೆ ಇವತ್ತು ತಿಳಿದಿರುವ ಎಷ್ಟೋ ಸಂಗತಿಗಳ ಬೇರು ಈ ಗುಂಗುರಿನ ಮುಂಜಾವದಲ್ಲಿದೆ. ನಸುಕೇ ಏಕೆಂದರೆ ಆ ಹೊತ್ತಿಗೆ ಗಾಳಿಯಲ್ಲಿ ತೇವ ಹೆಚ್ಚು. ಮುದುರಿದ ರೆಕ್ಕೆ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಒಣಗಿದರೆ ಬಾಳೆಲ್ಲ ಮುದುರಿಯೇ ಉಳಿಯುತ್ತದೆ.

ಈ ಹೊತ್ತಿನಲ್ಲಿ ಬಿಳಿಕೆರೆ ಕ್ರಾಸಿನಲ್ಲಿ ಮೊದಲ ಬಸ್ಸುಗಳು ನಿಂತು ಹೊರಡುತ್ತಿರುತ್ತವೆ. ಮೈಸೂರಿನಿಂದ ಬಂದ ರಸ್ತೆ ಇಲ್ಲಿ ಕವಲೊಡೆಯುತ್ತದೆ. ಒಂದು ಹುಣಸೂರು, ಪಿರಿಯಾಪಟ್ಟಣ ದಾಟಿ ಕೊಡಗು ಹತ್ತುತ್ತದೆ. ಇನ್ನೊಂದು ಕೆ.ಆರ್. ನಗರ, ಹೊಳೆನರಸೀಪುರ, ಹಾಸನ ಮುಟ್ಟಿ ಬೇಲೂರಿಗೆ ಹೋಗುತ್ತದೆ. ಡೇರಿಗೆ ಹಾಲು ಹಾಕಿ ಬಂದವರು ಟೀ ಅಂಗಡಿಯ ಮುಂದೆ ಖಾಲಿ ಕ್ಯಾನು ಇಟ್ಟುಕೊಂಡು ನಿಂತಿರುತ್ತಾರೆ. ಹಣ್ಣಿನ ಗಾಡಿಯ ಹಿಂದೆ ನಿನ್ನೆಯ ಬಾಳೆಗೊನೆಯ ದಿಂಡು, ಒಡೆದ ಪರಂಗಿ, ಕೊಳೆತ ಸೀಬೆ ಒಂದು ಗೋಣಿಚೀಲದ ಮೇಲೆ ಬಿದ್ದಿರುತ್ತವೆ. ಅಲ್ಲಿ ಬಗ್ಗಿ ನೋಡಬೇಕು.

ದಿಂಡಿನ ಒಣಗಿದ ಭಾಗಕ್ಕೆ ಅಂಟಿಕೊಂಡ ಕಂದು ಗೂಡುಗಳು, ಒಂದೊಂದೂ ಮೂರು ಮಿಲಿಮೀಟರಿನಷ್ಟು ಉದ್ದ. ಗೂಡಿನ ಮುಂದಿನ ತುದಿಯಲ್ಲಿ ಸಣ್ಣದೊಂದು ಮುಚ್ಚಳ. ಒಳಗಿನ ಹುಳ ತನ್ನ ಹಣೆಯಿಂದ ನೀರುತುಂಬಿದ ಚೀಲವೊಂದನ್ನು ಉಬ್ಬಿಸಿ ಆ ಮುಚ್ಚಳವನ್ನು ತಳ್ಳುತ್ತದೆ. ಮುಚ್ಚಳ ತೆರೆದು ಈಚೆ ಬಂದ ಮೇಲೆ ಆ ಚೀಲ ಮತ್ತೆ ಹಣೆಯೊಳಕ್ಕೆ ಸೇರಿಹೋಗುತ್ತದೆ, ಜನ್ಮದಲ್ಲಿ ಇನ್ನು ಅದಕ್ಕೆ ಕೆಲಸವಿಲ್ಲ. ಹೊರಬಂದದ್ದು ನೋಡಲು ಗುಂಗುರಿನಂತೆಯೇ ಇರುವುದಿಲ್ಲ. ಬಿಳಿಚಿದ ಮೆತ್ತನೆ ಮೈ, ಉದ್ದನೆಯ ಹೊಟ್ಟೆ, ಬೆನ್ನ ಮೇಲೆ ಎರಡು ಮಡಿಕೆಯ ಗಂಟು. ಅದು ಒಂದಿಷ್ಟು ದೂರ ನಡೆದು ನಿಲ್ಲುತ್ತದೆ. ಮೈಯ ರಸವನ್ನು ಒತ್ತಿ ಒತ್ತಿ ಆ ಗಂಟುಗಳೊಳಕ್ಕೆ ಹರಿಸುತ್ತದೆ. ಮಡಿಕೆಗಳು ಒಂದೊಂದಾಗಿ ಬಿಚ್ಚುತ್ತ, ಕೆಲವೇ ನಿಮಿಷದಲ್ಲಿ ಎರಡು ಪಾರದರ್ಶಕ ಹಾಳೆಗಳಾಗುತ್ತವೆ. ಬಣ್ಣ ಬಲಿತು ಮೈ ಗಟ್ಟಿಯಾಗಲು ಇನ್ನೂ ಸ್ವಲ್ಪ ಹೊತ್ತು ಬೇಕು.

ಆಮೇಲೆ ನಡೆಯುವ ಸಂಗತಿ ಕಣ್ಣಿಗೆ ಕಾಣದು. ರೆಕ್ಕೆ ಬಿಚ್ಚಿ ಅಗಲವಾದ ಮೇಲೆ ಅದನ್ನು ಕಟ್ಟಿದ ಜೀವಕೋಶಗಳ ಪದರವೇ ಸತ್ತು ಮೈಯೊಳಕ್ಕೆ ಹೀರಿಹೋಗುತ್ತದೆ. ಉಳಿಯುವುದು ಒಂದಕ್ಕೊಂದು ಅಂಟಿದ ಎರಡು ತೆಳುಪೊರೆ, ಅವುಗಳ ನಡುವೆ ಉದ್ದುದ್ದ ಓಡುವ ಐದು ಮುಖ್ಯ ಗೆರೆ, ಆ ಗೆರೆಗಳನ್ನು ಅಡ್ಡಕ್ಕೆ ಜೋಡಿಸುವ ಎರಡು ಚಿಕ್ಕ ಗೆರೆ. ಎರಡೇ ಮಿಲಿಮೀಟರ್ ಉದ್ದದ ಈ ಪೊರೆ ಇನ್ನು ಬೆಳೆಯುವುದಿಲ್ಲ, ಹರಿದರೆ ಕೂಡಿಕೊಳ್ಳುವುದಿಲ್ಲ. ಸೆಕೆಂಡಿಗೆ ಸುಮಾರು ಇನ್ನೂರು ಸಲ ಬಡಿಯುವ ರೆಕ್ಕೆಯ ಬಹುಪಾಲು ಜೀವವಿಲ್ಲದ ಹಾಳೆ ಎಂಬುದು ನನಗೆ ಎಷ್ಟು ಸಲ ನೆನೆದರೂ ಹಳೆಯದಾಗುವುದಿಲ್ಲ.

ಹಾಗಿದ್ದ ಮೇಲೆ ರೆಕ್ಕೆಯ ಅಳತೆಯೆಲ್ಲ ಹುಳುವಾಗಿದ್ದಾಗಲೇ ತೀರ್ಮಾನವಾಗಿರುತ್ತದೆ. ಕೊಳೆತ ಹಣ್ಣಿನೊಳಗೆ ಹರಿದಾಡುವ ಬಿಳಿ ಹುಳುವಿಗೆ ಹೊಟ್ಟೆತುಂಬ ಸಿಕ್ಕಿತೋ ಇಲ್ಲವೋ, ಒಂದೇ ಸೀಬೆಯಲ್ಲಿ ನೂರು ಹುಳು ನೂಕಾಡಿದವೋ ಹತ್ತೇ ಇದ್ದವೋ, ಆ ವಾರ ಮೋಡ ಮುಸುಕಿ ತಣ್ಣಗಿತ್ತೋ ಬಿಸಿಲು ಕಾಯುತ್ತಿತ್ತೋ, ಎಲ್ಲವೂ ರೆಕ್ಕೆಯ ಗಾತ್ರದಲ್ಲಿ ಬರೆದುಕೊಳ್ಳುತ್ತದೆ. ಇಕ್ಕಟ್ಟಿನಲ್ಲಿ ಬೆಳೆದದ್ದು ಚಿಕ್ಕದು. ತಂಪಿನಲ್ಲಿ ಬೆಳೆದದ್ದು ದೊಡ್ಡದು. ಮಾರ್ಗಶಿರದ ಇಬ್ಬನಿಯಲ್ಲಿ ಬಲಿತ ಗುಂಗುರಿಗೂ ಚೈತ್ರದ ಗುಂಗುರಿಗೂ ಒಂದೇ ರೆಕ್ಕೆ ಇರಲಾರದು, ಅವು ಒಂದೇ ವಂಶದ ಕುಡಿಗಳಾಗಿದ್ದರೂ.

ಹಣ್ಣು ಮಾರುವ ಹೆಂಗಸು ಗೋಣಿಚೀಲದ ಮುಂದೆ ಬಗ್ಗಿದವನನ್ನು ನೋಡಿ ಸುಮ್ಮನಿರುವುದುಂಟೇ.

“ಕೊಳ್ತೋಗಿರೋದ್ನ ಹಂಗೇನ್ ನೋಡ್ತಿದ್ದೀರಿ ಸಾ? ಒಳ್ಳೇ ಹಣ್ಣು ಮುಂದ್ಕಡೆ ಅವೆ.”

“ಗುಂಗುರು ನೋಡ್ತಿದ್ದೆ ಕಣಮ್ಮ. ಇದ್ರಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಅಂತ.”

“ಅದ್ರಲ್ಲೂ ಗಂಡು ಹೆಣ್ಣು ಗೊತ್ತಾಯ್ತದಾ? ಯಾವ್ದು ದೊಡ್ಡದು?”

“ಹೆಣ್ಣು. ರೆಕ್ಕೇನೂ ಅದರದ್ದೇ ದೊಡ್ಡದು.”

“ಮತ್ತೆ, ಹೊಟ್ಟೇಲಿ ಮೊಟ್ಟೆ ಹೊತ್ಕೊಂಡು ಹಾರ್ಬೇಕಲ್ಲ” ಎಂದು ಆಕೆ ಗಿರಾಕಿಯ ಕಡೆ ತಿರುಗಿದಳು.

ಹಾರುವ ಜೀವಿಗಳನ್ನು ಅಳೆಯುವವರು ಮೈತೂಕವನ್ನು ರೆಕ್ಕೆಯ ಹರವಿನಿಂದ ಭಾಗಿಸುತ್ತಾರೆ. ಒಂದಿಷ್ಟು ರೆಕ್ಕೆ ಎಷ್ಟು ಭಾರ ಹೊರಬೇಕು ಎಂಬ ಲೆಕ್ಕ ಅದು. ಆಕೆ ಅದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಹಣ್ಣಿನ ಗುಂಗುರಿನಲ್ಲಿ ಹೆಣ್ಣು ದೊಡ್ಡದಾಗಿರುವುದಕ್ಕೆ ಮೊಟ್ಟೆಯ ಭಾರ ಒಂದು ದೊಡ್ಡ ಕಾರಣವೇ. ಆದರೆ ಗಾತ್ರದೊಂದಿಗೆ ಕಥೆ ಮುಗಿಯುವುದಿಲ್ಲ. ಗಂಡಿನ ರೆಕ್ಕೆಯ ಚಿತ್ರವನ್ನು ಹಿಗ್ಗಿಸಿ ಹೆಣ್ಣಿನದರ ಅಳತೆಗೆ ತಂದು ಒಂದರ ಮೇಲೊಂದು ಇಟ್ಟರೂ ಗೆರೆಗಳು ಕೂಡುವುದಿಲ್ಲ. ಗೆರೆಗಳು ಸಂಧಿಸುವ ಜಾಗಗಳೇ ಎರಡರಲ್ಲೂ ಚೂರುಚೂರು ಸರಿದಿರುತ್ತವೆ. ಗಂಡಿನ ರೆಕ್ಕೆ ಹೆಣ್ಣಿನ ರೆಕ್ಕೆಯ ಚಿಕ್ಕ ಪ್ರತಿಯಲ್ಲ ಎಂದಾಯಿತು.

ಗಂಡಿನ ರೆಕ್ಕೆಗೆ ಇನ್ನೊಂದು ಕೆಲಸವೂ ಇದೆ, ಹಾಡುವುದು. ಹೆಣ್ಣಿನ ಹಿಂದೆ ಬಿದ್ದ ಗಂಡು ಮೊದಲು ಮುಂಗಾಲಿನಿಂದ ಅವಳನ್ನು ಮುಟ್ಟಿ ನೋಡುತ್ತದೆ. ಆಮೇಲೆ ಒಂದು ರೆಕ್ಕೆಯನ್ನು ಮಾತ್ರ ಪಕ್ಕಕ್ಕೆ ಚಾಚಿ ನಡುಗಿಸುತ್ತದೆ. ನಮ್ಮ ಕಿವಿಗೆ ಏನೂ ಕೇಳಿಸದು. ಹೆಣ್ಣು ಕೇಳಿಸಿಕೊಳ್ಳುವುದು ಮುಖದ ಮೇಲಿನ ಮೀಸೆಯ ಗರಿಯಿಂದ. ಒಂದು ಮಿಡಿತಕ್ಕೂ ಮುಂದಿನದಕ್ಕೂ ನಡುವಿನ ಅಂತರ ಪ್ರತಿ ಜಾತಿಗೂ ಬೇರೆ. ಪ್ರಯೋಗಶಾಲೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಮೆಲನೊಗ್ಯಾಸ್ಟರ್ ಜಾತಿಯಲ್ಲಿ ಆ ಅಂತರ ಸೆಕೆಂಡಿನ ಸಾವಿರದಲ್ಲಿ ಸುಮಾರು 35 ಭಾಗ. ತಾಳ ತಪ್ಪಿದ ಗಂಡು ತನ್ನ ಜಾತಿಯದಲ್ಲವೇನೋ ಎಂದು ಹೆಣ್ಣು ಹೊರಟುಹೋಗಬಹುದು. ಹೆಣ್ಣಿನ ರೆಕ್ಕೆಗೆ ಹಾರಿದರೆ ಸಾಕು. ಗಂಡಿನದ್ದು ಹಾರಲೂ ಬೇಕು, ಹಾಡಲೂ ಬೇಕು. ಎರಡು ಕೆಲಸ ಎರಡು ಕಡೆಗೆ ಎಳೆಯುವಾಗ ಆಕಾರ ಎಲ್ಲೋ ನಡುವೆ ಒಪ್ಪಂದಕ್ಕೆ ಬರಬೇಕಾಗುತ್ತದೆ.

ಹಾರಾಟ ಪೂರ್ತಿ ನಿಂತುಹೋದರೂ ರೆಕ್ಕೆ ಕೆಲಸ ಬಿಡುವುದಿಲ್ಲ ಎಂಬುದಕ್ಕೆ ರೇಷ್ಮೆ ಸಾಕಿದ ಮನೆಯವರಿಗೆ ಗೊತ್ತಿರುವ ಸಾಕ್ಷಿಯೇ ಇದೆ. ಸಾವಿರಾರು ವರ್ಷ ಸಾಕಿ ಸಾಕಿ ರೇಷ್ಮೆ ಚಿಟ್ಟೆ ಹಾರುವುದನ್ನು ಬಿಟ್ಟಿದೆ. ಆದರೂ ಹೆಣ್ಣಿನ ವಾಸನೆ ಬಂದ ಕೂಡಲೇ ಗಂಡು ಚಿಟ್ಟೆ ರೆಕ್ಕೆ ಪಟಪಟ ಬಡಿಯುತ್ತ ಅವಳ ಕಡೆಗೆ ನಡೆಯುತ್ತದೆ. ಆ ಬಡಿತ ಗಾಳಿಯನ್ನು ಮೀಸೆಯ ಕಡೆಗೆ ಸೆಳೆಯುವುದರಿಂದ ವಾಸನೆಯ ಜಾಡು ಹಿಡಿಯಲು ಅನುಕೂಲ.

ಬಿಳಿಕೆರೆಯಿಂದ ಸುಮಾರು ಮುಕ್ಕಾಲು ಗಂಟೆ ಬಸ್ಸಿನಲ್ಲಿ ಕೂತರೆ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ. ಅಲ್ಲಿ ಪ್ರಾಣಿಶಾಸ್ತ್ರದವರು ಈ ಗುಂಗುರನ್ನು ಸಾಕುತ್ತ ಅರ್ಧ ಶತಮಾನಕ್ಕೂ ಮೀರಿದೆ. ಎಂ.ಆರ್. ರಾಜಶೇಖರಶೆಟ್ಟಿ, ಎನ್.ಬಿ. ಕೃಷ್ಣಮೂರ್ತಿ, ಎಚ್.ಎ. ರಂಗನಾಥ್, ಎಸ್.ಎನ್. ಹೆಗಡೆ, ಎಂ.ಎಸ್. ಕೃಷ್ಣ, ಹೀಗೆ ಒಬ್ಬರ ಹಿಂದೊಬ್ಬರು. ಡ್ರೊಸೊಫಿಲಾ ಎಂಬ ಶಾಸ್ತ್ರೀಯ ಹೆಸರಿನ ಈ ಗುಂಗುರಿನ ತಳಿಗಳ ಭಂಡಾರವೇ ಅಲ್ಲಿದೆ, ಸೀಸೆಗಳಲ್ಲಿ. ಸೀಸೆಯೊಳಗಿನ ಊಟ ಏನು ಗೊತ್ತೇ? ಲೀಟರ್ ನೀರಿಗೆ ನೂರು ಗ್ರಾಂ ಗೋಧಿ ರವೆ, ನೂರು ಗ್ರಾಂ ಬೆಲ್ಲ, ಗಟ್ಟಿಯಾಗಲು ಸ್ವಲ್ಪ ಅಗರ್, ಬೂಷ್ಟು ಹಿಡಿಯದಂತೆ ಪ್ರೊಪಿಯೋನಿಕ್ ಆಮ್ಲ. ಕುದಿಸಿ ಸೀಸೆಗೆ ಹುಯ್ಯುವುದು, ಮೇಲಿಷ್ಟು ಈಸ್ಟ್. ಪ್ರಪಂಚದ ಬೇರೆ ಕಡೆ ಜೋಳದ ಹಿಟ್ಟು ಬಳಸುವವರು ಹೆಚ್ಚು. ಮೈಸೂರಿನ ನೊಣಕ್ಕೆ ಸಿಹಿ ಸಜ್ಜಿಗೆ. ಕಾಡಿನ ಗುಂಗುರು ಹಿಡಿಯುವ ವಿಧಾನವೂ ಹೀಗೇ ಮನೆಯದು. ಬಾಳೆಹಣ್ಣು ಕಿವುಚಿ, ಈಸ್ಟ್ ಉದುರಿಸಿ, ಹುಳಿಬಂದ ಆ ಮುದ್ದೆಯನ್ನು ಸೀಸೆಗೆ ಹಾಕಿ ಪೊದೆಯ ಕೆಳಗೆ ಕಟ್ಟಿದರೆ ಮರುದಿನ ಬೆಳಿಗ್ಗೆ ತುಂಬಿರುತ್ತದೆ. ಚಾಮುಂಡಿ ಬೆಟ್ಟದ ನಾಲ್ಕು ಎತ್ತರಗಳಲ್ಲಿ ಹೀಗೆ ಒಂದು ವರ್ಷ ಹಿಡಿದ ಹದಿನಾರು ಸಾವಿರಕ್ಕೂ ಮೀರಿದ ನೊಣಗಳಲ್ಲಿ 20 ಜಾತಿ ಸಿಕ್ಕವು ಎಂದು 2010ರಲ್ಲಿ ಅವರು ಪ್ರಕಟಿಸಿದರು. ಬೆಟ್ಟ ಹತ್ತಿದಂತೆ ಸಂಖ್ಯೆ ಇಳಿಯುತ್ತದೆ. ನಾವು ಮೆಟ್ಟಿಲು ಹತ್ತುವಾಗ ಮುಖಕ್ಕೆ ಬಂದ ಗುಂಗುರನ್ನು ಕೈಬೀಸಿ ಓಡಿಸುತ್ತೇವಲ್ಲ, ಅದರಲ್ಲಿ ಇಪ್ಪತ್ತು ಜಾತಿ!

ಆ ಇಪ್ಪತ್ತರಲ್ಲಿ ಒಂದರ ಮೇಲೆ ನನಗೆ ಹೆಚ್ಚು ಮೋಹ. 1968ರಲ್ಲಿ ಮೈಸೂರಿನ ಸಂಶೋಧಕರು ಹೊಸ ಜಾತಿಯೊಂದು ಸಿಕ್ಕಿತೆಂದು ಅದಕ್ಕೆ ರಾಜಶೇಖರಶೆಟ್ಟರ ಹೆಸರಿನಲ್ಲಿ ಡ್ರೊಸೊಫಿಲಾ ರಾಜಶೇಖರಿ ಎಂದು ಹೆಸರಿಟ್ಟರು. ಮುಂದೆ ನೋಡಿದರೆ, ಅದೇ ನೊಣವನ್ನು 1924ರಲ್ಲೇ ಮ್ಯಾಲಕ್ ಎಂಬಾತ ವರ್ಣಿಸಿ ಬಯಾರ್ಮಿಪೆಸ್ ಎಂದು ಕರೆದಿದ್ದ. ಮೊದಲು ಇಟ್ಟ ಹೆಸರೇ ನಿಲ್ಲಬೇಕೆಂಬುದು ಪ್ರಾಣಿಶಾಸ್ತ್ರದ ಕಾನೂನು. ಹೀಗಾಗಿ ರಾಜಶೇಖರಿ ಈಗ ಬರೀ ಪರ್ಯಾಯನಾಮ, ಹಳೆಯ ಪ್ರಬಂಧಗಳಲ್ಲಿ ಉಳಿದಿದೆ. ಬೇರೆ ಎಂದುಕೊಂಡದ್ದು ಒಂದೇ ಆಯಿತು. ಜೀವಶಾಸ್ತ್ರದಲ್ಲಿ ಇದೇನೂ ಅಪರೂಪವಲ್ಲ, ತಲೆತಗ್ಗಿಸುವ ಸಂಗತಿಯೂ ಅಲ್ಲ. ಇಷ್ಟು ವ್ಯತ್ಯಾಸವಿದ್ದರೆ ಬೇರೆ ಜಾತಿ, ಅದಕ್ಕಿಂತ ಕಡಿಮೆಯಾದರೆ ಒಂದೇ ಜಾತಿ ಎಂದು ಹೇಳುವ ಅಳತೆಗೋಲನ್ನು ಪ್ರಕೃತಿ ನಮ್ಮ ಕೈಗೆ ಕೊಟ್ಟಿಲ್ಲ.

ಈ ಬಯಾರ್ಮಿಪೆಸ್ ಗಂಡಿನ ರೆಕ್ಕೆಯ ತುದಿಯಲ್ಲಿ, ಮುಂದಿನ ಅಂಚಿಗೆ ತಾಗಿ, ಒಂದು ಕಪ್ಪು ಮಚ್ಚೆ. ಹೆಣ್ಣಿಗೆ ಇಲ್ಲ. ಅಷ್ಟೇ ಆಗಿದ್ದರೆ ಗಂಡು ಹೆಣ್ಣಿನ ಭೇದ ಎಂದು ಬರೆದು ಮುಂದೆ ಹೋಗಬಹುದಿತ್ತು. ಆದರೆ ಎಲ್ಲ ಗಂಡುಗಳಿಗೂ ಮಚ್ಚೆ ಇಲ್ಲ. ಕೆಲವುಗಳ ರೆಕ್ಕೆ ತುದಿಯವರೆಗೂ ಸ್ವಚ್ಛ. ಮೈಸೂರಿನಲ್ಲಿ ಹೆಗಡೆ ಮತ್ತು ಸಂಗಡಿಗರು ಎರಡೂ ಬಗೆಯ ಗಂಡುಗಳನ್ನು ಹೆಣ್ಣಿನ ಮುಂದೆ ಬಿಟ್ಟು ನೋಡಿ 2005ರಲ್ಲಿ ಬರೆದರು. ಮಚ್ಚೆಯಿದ್ದ ಗಂಡಿಗೇ ಹೆಚ್ಚು ಸಂಗಾತಿಗಳು ದಕ್ಕಿದರು. ಹಾಗಾದರೆ ಮಚ್ಚೆಯಿಲ್ಲದವು ಇನ್ನೂ ಏಕಿವೆ? ಇಷ್ಟು ಹೊತ್ತಿಗೆ ಅವು ಅಳಿದುಹೋಗಬೇಕಿತ್ತಲ್ಲ ಎಂದು ನಮ್ಮ ಬುದ್ಧಿ ತಕ್ಷಣ ಕೇಳುತ್ತದೆ. ಗೆದ್ದವನ ಹೊರತು ಉಳಿದವರು ಏಕಿದ್ದಾರೆ ಎಂದು ಕೇಳುವ ಈ ಚಟ ನಮಗೆ ಎಲ್ಲಿಂದ ಹತ್ತಿತೋ! ಸೀಸೆಯೊಳಗೆ ಸೋತದ್ದಕ್ಕೆ ಹೊರಗೆ ಬದುಕೇ ಇಲ್ಲವೆಂದು ಹೇಳಲಾಗದು. ಹೊರಗೆ ಹಲ್ಲಿಯುಂಟು, ಜೇಡವುಂಟು, ಎದುರಾಳಿಯೇ ಇಲ್ಲದ ಮೂಲೆಯ ಹಣ್ಣೂ ಉಂಟು.

ಹೆಗಡೆ ಮತ್ತು ಕೃಷ್ಣ 1997ರಲ್ಲಿ ಮಾಲೆರ್‌ಕೋಟ್ಲಿಯಾನ ಎಂಬ ಇನ್ನೊಂದು ಜಾತಿಯ ಬಗ್ಗೆ ಬರೆದದ್ದೂ ಇದಕ್ಕೆ ಹತ್ತಿರದ್ದು. ಪಂಜಾಬಿನ ಮಾಲೆರ್‌ಕೋಟ್ಲದ ಹೆಸರು ಹೊತ್ತ ಈ ನೊಣ ಮೈಸೂರಿನ ಸುತ್ತಲೂ ಧಾರಾಳ. ಅದರಲ್ಲಿ ದೊಡ್ಡ ಗಂಡು ದೊಡ್ಡ ಹೆಣ್ಣಿನ ಜೊತೆ, ಚಿಕ್ಕದು ಚಿಕ್ಕದರ ಜೊತೆ ಸೇರುವುದು ಹೆಚ್ಚು. ಇಂಥ ಅಧ್ಯಯನಗಳಲ್ಲಿ ದೊಡ್ಡದು ಚಿಕ್ಕದು ಎಂದು ತೀರ್ಮಾನಿಸಲು ಅಳೆಯುವುದು ಸಾಮಾನ್ಯವಾಗಿ ರೆಕ್ಕೆಯ ಉದ್ದವನ್ನೇ. ಹೊಟ್ಟೆ ತಿಂದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ರೆಕ್ಕೆ ಮಾತ್ರ ನಸುಕಿನಲ್ಲಿ ಆದಷ್ಟೇ.

ಇನ್ನು ಊರಿಂದ ಊರಿಗೆ ಇರುವ ವ್ಯತ್ಯಾಸ. ಬಿಳಿಕೆರೆಯಿಂದ ಪಡುವಲಿಗೆ ಹೋಗುವ ರಸ್ತೆ ಈ ವಿಷಯ ಯೋಚಿಸಲು ಹೇಳಿಮಾಡಿಸಿದ ಹಾದಿ. ಇಲ್ಲಿಂದ ಹುಣಸೂರಿನವರೆಗೆ ರಾಗಿ, ಹೊಗೆಸೊಪ್ಪು, ತೆಂಗು. ಲಕ್ಷ್ಮಣತೀರ್ಥ ದಾಟಿ ಪಿರಿಯಾಪಟ್ಟಣದ ಕಡೆ ಸಾಗಿದಂತೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳು ಸಾಲುಗಟ್ಟುತ್ತವೆ, ಆಕಾಶದ ಬಣ್ಣವೂ ಮಳೆಯ ಲೆಕ್ಕವೂ ಬದಲಾಗುತ್ತವೆ. ಕುಶಾಲನಗರ ಮುಟ್ಟಿದರೆ ಕೊಡಗು. ಅಲ್ಲಿಂದ ಮಡಿಕೇರಿಯ ಚಳಿಗೆ ಒಂದೇ ಏರು. ಹುಣಸೂರಿನಲ್ಲೇ ಎಡಕ್ಕೆ ತಿರುಗಿದರೆ ನಾಗರಹೊಳೆ, ಎಚ್.ಡಿ. ಕೋಟೆಯ ಕಾಡಂಚು. ಬಲಕ್ಕೆ ಕೆ.ಆರ್. ನಗರದ ಗದ್ದೆ ಬಯಲು. ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಒಣಬಯಲು, ನೀರಾವರಿ, ಎಲೆಯುದುರುವ ಕಾಡು, ಮಲೆನಾಡು ಎಲ್ಲ ಮುಗಿಯುತ್ತವೆ. ಬಾಳೆಗೊನೆ ತುಂಬಿದ ಲಾರಿಯಲ್ಲಿ ಗುಂಗುರೂ ಇದೇ ಹಾದಿಯಲ್ಲಿ ಓಡಾಡುತ್ತದೆ, ಟಿಕೆಟ್ಟಿಲ್ಲದೆ.

ತಂಪು ಸೀಮೆಯ ನೊಣದ ರೆಕ್ಕೆ ದೊಡ್ಡದು ಎಂಬುದು ಪ್ರಪಂಚದ ಹಲವು ಕಡೆ ಮತ್ತೆ ಮತ್ತೆ ಕಂಡ ಸಂಗತಿ. ತಂಪಿನಲ್ಲಿ ಸ್ನಾಯು ನಿಧಾನ, ಬಡಿತ ಕಡಿಮೆ. ಅದೇ ಮೈಯನ್ನು ಎತ್ತಲು ಹರವು ಹೆಚ್ಚಿದ್ದರೆ ಅನುಕೂಲ. ಕಾರಣ ಇದೊಂದೇ ಎಂದು ಹಟ ಹಿಡಿಯುವಂತಿಲ್ಲ, ಆದರೆ ಒಪ್ಪಬಹುದಾದ ಕಾರಣ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ದೊಡ್ಡ ರೆಕ್ಕೆ ಹೇಗೆ ದೊಡ್ಡದಾಗುತ್ತದೆ ಎಂಬುದು. ಒಂದೇ ತಳಿಯ ಹುಳುಗಳನ್ನು ತಂಪಿನಲ್ಲಿಟ್ಟು ಬೆಳೆಸಿದರೆ ರೆಕ್ಕೆಯ ಒಂದೊಂದು ಜೀವಕೋಶ ಹಿಗ್ಗಿ ದೊಡ್ಡದಾಗುತ್ತದೆ. ಆದರೆ ಆಸ್ಟ್ರೇಲಿಯಾದ ಪೂರ್ವ ಕರಾವಳಿಯುದ್ದಕ್ಕೂ, ಬಿಸಿ ಸೀಮೆಯಿಂದ ತಂಪು ಸೀಮೆಯವರೆಗೆ, ಮೆಲನೊಗ್ಯಾಸ್ಟರ್ ನೊಣಗಳನ್ನು ತಂದು ಒಂದೇ ಹವೆಯಲ್ಲಿ ಸಾಕಿ ನೋಡಿದಾಗ, ತಂಪಿನೂರಿನವುಗಳ ರೆಕ್ಕೆ ದೊಡ್ಡದಾಗಿದ್ದದ್ದು ಮುಖ್ಯವಾಗಿ ಜೀವಕೋಶಗಳ ಸಂಖ್ಯೆ ಹೆಚ್ಚಿದ್ದರಿಂದ. ಈ ವರ್ಷದ ಚಳಿ ಕೋಶವನ್ನು ಹಿಗ್ಗಿಸುತ್ತದೆ. ತಲೆತಲಾಂತರದ ಚಳಿ ಕೋಶಗಳನ್ನು ಹೆಚ್ಚಿಸುತ್ತದೆ. ಅಳತೆಪಟ್ಟಿ ಹಿಡಿದು ನೋಡುವವನಿಗೆ ಎರಡೂ ಒಂದೇ ಉದ್ದ.

ಇದಕ್ಕಿಂತಲೂ ಸೋಜಿಗದ್ದು ಸಬ್‌ಅಬ್‌ಸ್ಕ್ಯೂರಾ ಎಂಬ ಯುರೋಪಿನ ಜಾತಿಯದು. ಅದು ಹೇಗೋ ಕಡಲು ದಾಟಿ 1978ರಲ್ಲಿ ಚಿಲಿ ದೇಶದಲ್ಲಿ ಕಾಣಿಸಿತು, 1982ರಲ್ಲಿ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ. ಯುರೋಪಿನಲ್ಲಿ ಈ ನೊಣ ದಕ್ಷಿಣದಿಂದ ಉತ್ತರಕ್ಕೆ ಹೋದಂತೆ ದೊಡ್ಡ ರೆಕ್ಕೆಯದು. ಹೊಸ ನೆಲದಲ್ಲಿಯೂ ಹಾಗೇ ಆದೀತೇ? ಸುಮಾರು ಇಪ್ಪತ್ತು ವರ್ಷದೊಳಗೆ ಆಗಿಯೇಬಿಟ್ಟಿತ್ತು. ಉತ್ತರ ಅಮೆರಿಕದ ಹೆಣ್ಣು ನೊಣಗಳಲ್ಲಿ ಯುರೋಪಿನದ್ದಕ್ಕೆ ಬಹುಮಟ್ಟಿಗೆ ಸರಿಸಮನಾದ ಏರಿಕೆ. ಗಂಡುಗಳಲ್ಲೂ ಏರಿಕೆಯಿತ್ತು, ಆದರೆ ಅಷ್ಟು ಕಡಿದಲ್ಲ. ರೇಮಂಡ್ ಹ್ಯೂಯಿ, ಜಾರ್ಜ್ ಗಿಲ್‌ಕ್ರಿಸ್ಟ್ ಮತ್ತಿತರರು 2000ದಲ್ಲಿ ಇದನ್ನು ಪ್ರಕಟಿಸಿದರು. ಆದರೆ ರೆಕ್ಕೆಯನ್ನು ಬುಡದ ಭಾಗ, ತುದಿಯ ಭಾಗ ಎಂದು ಬೇರೆಬೇರೆಯಾಗಿ ಅಳೆದಾಗ ಬೇರೆಯೇ ಗುಟ್ಟು ಹೊರಬಿತ್ತು. ಯುರೋಪಿನ ನೊಣದಲ್ಲಿ ಉದ್ದವಾದದ್ದು ಬುಡದ ಭಾಗ, ಅಮೆರಿಕದ ನೊಣದಲ್ಲಿ ತುದಿಯ ಭಾಗ. ಒಂದೇ ಹವಾಮಾನ ಒಂದೇ ಪ್ರಶ್ನೆ ಕೇಳಿತ್ತು, ಒಂದೇ ಮನೆತನದ ಎರಡು ಕವಲುಗಳು ಬೇರೆಬೇರೆ ಉತ್ತರ ಬರೆದು ಎರಡೂ ಪಾಸಾಗಿದ್ದವು. ರೆಕ್ಕೆಯ ಒಟ್ಟು ಉದ್ದವನ್ನಷ್ಟೇ ಅಳೆದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಷ್ಟು ಎಂದು ಕೇಳಿ ಸುಮ್ಮನಾಗದೆ ಎಲ್ಲಿ ಎಂದೂ ಕೇಳಬೇಕು.

ನಮ್ಮ ಕೊಡಗಿನ ಗುಂಗುರೂ ಪ್ರಪಂಚದ ಪ್ರಬಂಧಗಳಲ್ಲಿ ಹೆಸರು ಮಾಡಿದೆ. ನಸೂಟ ಎಂಬ ಜಾತಿ. ಗಂಡಿನ ಹಣೆಯ ಮೇಲೆ ಬೆಳ್ಳಿಬಣ್ಣದ ಹೊಳಪು, ಬೆಳಕಿಗೆ ಹಿಡಿದರೆ ತಟ್ಟನೆ ಮಿಂಚುತ್ತದೆ. ಕೊಡಗಿನ ನಸೂಟದಲ್ಲಿ ಎಂಟು ವರ್ಣತಂತು. ಜಪಾನಿನ ಒಕಿನಾವಾ ದ್ವೀಪದ ಅದರ ಹತ್ತಿರದ ನೆಂಟ ಅಲ್ಬೊಮಿಕಾನ್ಸ್‌ನಲ್ಲಿ ಆರೇ. ರಂಗನಾಥ್ ಮತ್ತು ಸಂಗಡಿಗರು ಇವೆರಡನ್ನೂ ಮೈಸೂರಿನಲ್ಲಿ ಕೂಡಿಸಿದರು. ಮಕ್ಕಳಾದವು, ಮೊಮ್ಮಕ್ಕಳಾದವು. ಪೀಳಿಗೆಯಿಂದ ಪೀಳಿಗೆಗೆ ಸೀಸೆ ಬದಲಿಸುತ್ತ ಹೋದಂತೆ, ಎರಡೂ ಕಡೆಯ ವರ್ಣತಂತುಗಳನ್ನು ಹೊಸ ರೀತಿಯಲ್ಲಿ ಹೊಂದಿಸಿಕೊಂಡ ತಳಿಗಳು ನೆಲೆನಿಂತವು. ಸೈಟೊರೇಸ್ ಎಂದು ಅವುಗಳಿಗೆ ಹೆಸರಿಟ್ಟರು. ಕೊಡಗಿನ ಮಳೆಯನ್ನಾಗಲಿ ಒಕಿನಾವಾದ ಕಡಲನ್ನಾಗಲಿ ಕಾಣದ, ಮೈಸೂರಿನ ಸೀಸೆಯೇ ತವರಾದ ಜೀವಗಳು. ಕಾಲ ಕಳೆದಂತೆ ಅವು ಸಂಗಾತಿಯನ್ನು ಆರಿಸುವುದರಲ್ಲೂ ತಮ್ಮತನ ತೋರಿಸತೊಡಗಿದವು. ಬೇರೆಯಾಗಲು ನಡುವೆ ಬೆಟ್ಟವೇ ಇರಬೇಕೆಂದಿಲ್ಲ, ಹತ್ತಿಯ ಬಿರಡೆ ಹಾಕಿದ ಸೀಸೆಯೂ ಸಾಕು.

ಆಕಾರವನ್ನು ಅಳೆಯುವ ವಿಧಾನದ ಬಗ್ಗೆಯೂ ಎರಡು ಮಾತು. ರೆಕ್ಕೆಯನ್ನು ಬಿಡಿಸಿ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆಯುತ್ತಾರೆ. ಗೆರೆಗೆ ಗೆರೆ ಕೂಡುವ ಕಡೆ, ಗೆರೆ ಅಂಚನ್ನು ಮುಟ್ಟುವ ಕಡೆ ಒಂದೊಂದು ಚುಕ್ಕಿ. ಇನ್ನು ಗೆರೆಗಳನ್ನು ಅಳಿಸಿದರೂ ಚುಕ್ಕಿ ಉಳಿದಿದ್ದರೆ ಸಾಕು, ಅಂಗಳದ ರಂಗೋಲಿಯಂತೆ ಆಕಾರವೆಲ್ಲ ಚುಕ್ಕಿಯಲ್ಲೇ ಅಡಗಿರುತ್ತದೆ. ನೂರಾರು ರೆಕ್ಕೆಗಳ ಚುಕ್ಕಿಗಳನ್ನು ಕಂಪ್ಯೂಟರ್ ತೆಗೆದುಕೊಂಡು, ಎಲ್ಲವನ್ನೂ ಒಂದೇ ಗಾತ್ರಕ್ಕೆ ತರುತ್ತದೆ, ಒಂದೇ ಕೇಂದ್ರಕ್ಕೆ ಸರಿಸುತ್ತದೆ, ಆದಷ್ಟೂ ಹೊಂದುವಂತೆ ತಿರುಗಿಸುತ್ತದೆ. ಗಾತ್ರ, ಜಾಗ, ದಿಕ್ಕು ಮೂರನ್ನೂ ಕಳೆದ ಮೇಲೆ ಇನ್ನೂ ಹೊಂದದೆ ಉಳಿಯುವುದೇ ಆಕಾರದ ವ್ಯತ್ಯಾಸ. ಒಂದೊಂದು ಚುಕ್ಕಿಯ ಜಾಗದಲ್ಲಿ ಈಗ ಚುಕ್ಕಿಗಳ ಒಂದು ಗುಂಪು. ಗುಂಪಿನ ನಟ್ಟನಡುವೆ ಯಂತ್ರ ಇನ್ನೊಂದು ಚುಕ್ಕಿ ಇಡುತ್ತದೆ. ಅಂಥ ನಡುಚುಕ್ಕಿಗಳನ್ನು ಸೇರಿಸಿದರೆ ಸರಾಸರಿಯ ರೆಕ್ಕೆ.

ಪಟದಲ್ಲಿ ಅದು ಬಹಳ ಅಚ್ಚುಕಟ್ಟಾಗಿ ಕಾಣುತ್ತದೆ. ಉಳಿದ ರೆಕ್ಕೆಗಳೆಲ್ಲ ಅದರಿಂದ ಅಷ್ಟಷ್ಟು ತಪ್ಪಿದವು ಎನ್ನಿಸಿಬಿಡುತ್ತದೆ, ಯಾರೋ ಸರಿಯಾದದ್ದೊಂದನ್ನು ಮೊದಲೇ ಮಾಡಿಟ್ಟು ಮಿಕ್ಕವರಿಗೆ ಅದನ್ನು ನೋಡಿ ಬರೆಯಲು ಹೇಳಿದ್ದರೇನೋ ಎಂಬಂತೆ. ಆದರೆ ಆ ರೆಕ್ಕೆ ಯಾವ ಗೂಡಿನಿಂದಲೂ ಹೊರಬಂದದ್ದಲ್ಲ. ಬೇರೆ ಊರಿನ ಇನ್ನು ಹತ್ತು ನೊಣ ಹಿಡಿದು ತಂದರೆ ಅದು ಜಾಗ ಬದಲಿಸುತ್ತದೆ. ಗಂಡುಗಳನ್ನಷ್ಟೇ ತೆಗೆದುಕೊಂಡರೆ ಒಂದು, ಹೆಣ್ಣುಗಳನ್ನಷ್ಟೇ ತೆಗೆದುಕೊಂಡರೆ ಇನ್ನೊಂದು. ಎರಡನ್ನೂ ಬೆರೆಸಿದರೆ ಗಂಡೂ ಅಲ್ಲದ ಹೆಣ್ಣೂ ಅಲ್ಲದ ಮೂರನೆಯದೊಂದು. ಲೆಕ್ಕಕ್ಕೆ ಅದು ಬೇಕು, ಅದಿಲ್ಲದೆ ಬಿಳಿಕೆರೆಯ ನೊಣವನ್ನೂ ಮಡಿಕೇರಿಯ ನೊಣವನ್ನೂ ಹೋಲಿಸುವ ದಾರಿಯಿಲ್ಲ. ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. ಪೂಜೆಗೆ ಕೂರಿಸುವುದಕ್ಕಷ್ಟೇ ತಕರಾರು. ಮಗುವಿನ ತೂಕ, ಹುಡುಗಿಯ ಎತ್ತರ, ಶಾಲೆಯ ಅಂಕ, ಎಲ್ಲದರಲ್ಲೂ ನಾವು ಹೀಗೊಂದು ನಡುಚುಕ್ಕಿಯನ್ನು ಕೂರಿಸಿ ಕೈಮುಗಿಯುತ್ತ ಬಂದಿದ್ದೇವೆ.

ಇಷ್ಟೆಲ್ಲ ಹೋಲಿಸುವವರು ಇನ್ನೊಂದು ಹೋಲಿಕೆಯನ್ನೂ ಬಿಡುವುದಿಲ್ಲ. ಒಂದೇ ನೊಣದ ಎಡರೆಕ್ಕೆ, ಬಲರೆಕ್ಕೆ. ಇಲ್ಲಿ ಊರು ಬೇರೆಯಲ್ಲ, ಲಿಂಗ ಬೇರೆಯಲ್ಲ, ಉಂಡ ಹಣ್ಣು, ಬೆಳೆದ ವಾರ, ತಂದೆತಾಯಿ ಯಾವುದೂ ಬೇರೆಯಲ್ಲ. ವಂಶವಾಹಿಯ ಒಂದೇ ಬರಹವನ್ನು ಎರಡು ಮಗ್ಗುಲಲ್ಲಿ ಎರಡು ಸಲ ಓದಿ ಕಟ್ಟಿದ್ದು. ಎಡದ್ದನ್ನು ಕನ್ನಡಿಯಲ್ಲಿ ತಿರುಗಿಸಿ ಬಲದ್ದರ ಮೇಲಿಟ್ಟರೆ, ಚುಕ್ಕಿಗಳು ಅಲ್ಲಿಯೂ ಕೂಡುವುದಿಲ್ಲ. ಕೂದಲೆಳೆಯಷ್ಟು ಕೂಡ ಇರದ ವ್ಯತ್ಯಾಸ, ಆದರೆ ಉಂಟು. ಒಂದು ನೊಣದಲ್ಲಿ ಎಡ ಹೆಚ್ಚು, ಇನ್ನೊಂದರಲ್ಲಿ ಬಲ ಹೆಚ್ಚು. ಯಾವ ಕಡೆಗೂ ಒಲವಿಲ್ಲದ ಈ ಏರುಪೇರಿಗೆ ಬೆಳವಣಿಗೆಯ ಹಾದಿಯಲ್ಲಿ ಆಗುವ ಸಣ್ಣಪುಟ್ಟ ಆಕಸ್ಮಿಕಗಳೇ ಕಾರಣವೆಂದು ಜೀವಶಾಸ್ತ್ರಜ್ಞರು ಹೇಳುತ್ತಾರೆ. ಗಂಡು ಹೆಣ್ಣು, ಬಯಲು ಮಲೆ ಎಂದು ದೂರದೂರದಲ್ಲಿ ಹುಡುಕುತ್ತ ಹೋದ ಬೇರೆತನ ಒಂದೇ ಬೆನ್ನಿನ ಎರಡು ಪಕ್ಕದಲ್ಲೇ ಕೂತಿತ್ತು.

ನೊಣಕ್ಕೆ ಇದರ ಗೊಡವೆಯಿಲ್ಲ. ಹಾಡಲು ನಿಂತ ಗಂಡು ಯಾವ ರೆಕ್ಕೆ ಚಾಚುತ್ತದೆ ಎಂಬುದನ್ನೂ ಜನ ಕೂತು ನೋಡಿದ್ದಾರೆ. ಅದು ಎಡಚವೂ ಅಲ್ಲ, ಬಲಚವೂ ಅಲ್ಲ. ಹೆಣ್ಣು ಎಡಕ್ಕಿದ್ದರೆ ಹೆಚ್ಚಾಗಿ ಎಡದ್ದು, ಅವಳು ಸುತ್ತಿ ಬಲಕ್ಕೆ ಬಂದರೆ ಇದನ್ನು ಮಡಚಿ ಬಲದ್ದು.